ಸತ್ತದ್ದಕ್ಕೆ ಪುರಾವೆ

ನನ್ನ ದೊಡ್ಡಮ್ಮನ ಗಂಡ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಒಂದು ವರ್ಷ ಚೌತಿಗೆ ಊರಿಗೆ ಬರುತ್ತೇನೆಂದು ಕಾಗದ ಬರೆದವರು ಬರಲಿಲ್ಲ. ಮುಂದಿನ ಚೌತಿಗೂ ಬರಲಿಲ್ಲ. ಹೋಟೆಲಿನವರನ್ನು ವಿಚಾರಿಸಿದರೆ ಅವರು ಕೆಲಸ ಬಿಟ್ಟು ಎಷ್ಟೋ ದಿನವಾಯಿತು ಎಂದರು. ನಮ್ಮೂರಿನ ಹತ್ತಾರು ಜನ ಆಗ ಬೊಂಬಾಯಿಯಲ್ಲಿದ್ದರು. ಯಾರ ಕಣ್ಣಿಗೂ ದೊಡ್ಡಪ್ಪ ಬೀಳಲಿಲ್ಲ. ದೊಡ್ಡಮ್ಮ ಕುಂಕುಮ ಇಡುವುದನ್ನು ಬಿಡಲಿಲ್ಲ. ಹಬ್ಬಕ್ಕೆ ಕರೆದವರ ಮನೆಗೆ ಹೋದಾಗ, ಅರಿಶಿನ ಕುಂಕುಮದ ತಟ್ಟೆ ಹಿಡಿದ ಮನೆಯಾಕೆ ದೊಡ್ಡಮ್ಮನ ಮುಂದೆ ಬಂದು ಒಂದು ಗಳಿಗೆ ತಡೆದು ನಿಲ್ಲುತ್ತಿದ್ದುದನ್ನು ನಾನು ಚಿಕ್ಕವಳಾಗಿದ್ದಾಗ ಎಷ್ಟೋ ಸಲ ಕಂಡಿದ್ದೇನೆ. ಆ ಒಂದು ಗಳಿಗೆಯನ್ನು ದೊಡ್ಡಮ್ಮನೂ ಕಾಣುತ್ತಿದ್ದಳು.

ದೊಡ್ಡಪ್ಪನ ಹೆಸರಿನಲ್ಲಿ ಒಂದು ಸಣ್ಣ ವಿಮೆ ಇತ್ತು. ಕೈ ತೀರಾ ಬರಿದಾದಾಗ ದೊಡ್ಡಮ್ಮ ನನ್ನ ತಂದೆಯನ್ನು ಕರೆದುಕೊಂಡು ಕಚೇರಿಗೆ ಹೋದಳು. ಅಲ್ಲಿದ್ದವರು ಕೆಟ್ಟವರೇನಲ್ಲ. ಕುರ್ಚಿ ಕೊಟ್ಟು ಕೂರಿಸಿ, ಪುಸ್ತಕ ತಿರುವಿ, ಕೊನೆಗೆ ಹೇಳಿದರಂತೆ: "ಅಮ್ಮಾ, ಸತ್ತದ್ದಕ್ಕೆ ಏನಾದರೂ ಪುರಾವೆ ತನ್ನಿ." ದೊಡ್ಡಮ್ಮ ಮನೆಗೆ ಬಂದು ಜಗಲಿಯಲ್ಲಿ ಕುಳಿತು, "ಇದ್ದಾರೆ ಅನ್ನುವುದಕ್ಕೂ ನನ್ನ ಹತ್ತಿರ ಪುರಾವೆ ಇಲ್ಲ, ಇಲ್ಲ ಅನ್ನುವುದಕ್ಕೂ ಇಲ್ಲ. ಏನನ್ನು ಕೊಡಲಿ?" ಎಂದದ್ದು ನನಗೆ ಇಂದಿಗೂ ಕಿವಿಯಲ್ಲಿದೆ.

ಎಷ್ಟೋ ವರ್ಷಗಳ ಮೇಲೆ ಯುರೋಪಿನ ಇತಿಹಾಸದ ಪುಸ್ತಕಗಳನ್ನು ಓದುವ ಗೀಳು ಹತ್ತಿದಾಗ ಎಸ್ಟೆಲ್ ಸಪೀರ್ ಎಂಬ ಹೆಂಗಸಿನ ಕಥೆ ಸಿಕ್ಕಿತು. ಆಕೆಯ ತಂದೆ ಪೋಲೆಂಡಿನ ಯಹೂದಿ, ಅನುಕೂಲಸ್ಥರು. ದಿನಗಳು ಕೆಡುತ್ತಿದ್ದಂತೆ ತಮ್ಮ ಹಣವನ್ನು ಸ್ವಿಟ್ಜರ್ಲೆಂಡಿನ ಬ್ಯಾಂಕಿನಲ್ಲಿ ಇಟ್ಟಿದ್ದರು. ಯುದ್ಧದ ಕಾಲದಲ್ಲಿ ಅವರನ್ನು ದಕ್ಷಿಣ ಫ್ರಾನ್ಸಿನ ಒಂದು ಶಿಬಿರದಲ್ಲಿ ಕೂಡಿಹಾಕಿದರು. ಮಗಳು ತಂತಿಬೇಲಿಯ ಈಚೆ, ತಂದೆ ಆಚೆ. ಹಣ ಎಲ್ಲಿದೆ ಎಂಬುದನ್ನು ತಂದೆ ಅಲ್ಲಿಂದಲೇ ಮಗಳಿಗೆ ಹೇಳಿದರು. ಮುಂದೆ ಅವರನ್ನು ಪೋಲೆಂಡಿನ ಮಾಯ್ದಾನೆಕ್ ಶಿಬಿರಕ್ಕೆ ಸಾಗಿಸಿ ಕೊಂದರು. 1946ರಲ್ಲಿ ಮಗಳು ಜಿನೀವಾದ ಬ್ಯಾಂಕಿಗೆ ಹೋಗಿ ಕೇಳಿದಾಗ ಅಲ್ಲಿಯವರು ಕೇಳಿದ್ದು ತಂದೆಯ ಮರಣಪತ್ರವನ್ನು. ಅದನ್ನು ಯಾರು ಕೊಡಬೇಕು, ಹಿಟ್ಲರನನ್ನು ಹುಡುಕಿ ತರಲೇ ಎಂದು ತಾನು ಕೇಳಿದ್ದಾಗಿ ಆಕೆ ಮುಂದೆ ಹೇಳಿಕೊಂಡಿದ್ದಾರೆ.

ಓದುತ್ತಿದ್ದ ಪುಸ್ತಕವನ್ನು ಮುಚ್ಚಿ ನಾನು ದೊಡ್ಡಮ್ಮನ ಜಗಲಿಯನ್ನು ನೆನೆದೆ. ಎರಡೂ ಒಂದೇ ಎಂದು ಹೇಳುತ್ತಿಲ್ಲ; ಹಾಗೆ ಹೇಳಿದರೆ ತಪ್ಪಾಗುತ್ತದೆ. ನಮ್ಮ ದೊಡ್ಡಪ್ಪನನ್ನು ಯಾರೂ ಅವರ ಜಾತಿ ಕುಲ ನೋಡಿ ರೈಲಿಗೆ ತುಂಬಿ ಕೊಂಡೊಯ್ದಿರಲಿಲ್ಲ. ಅಲ್ಲಿ ಕೊಂದವರು ಸುಮಾರು ಅರವತ್ತು ಲಕ್ಷ ಯಹೂದಿಗಳನ್ನು. ಅವರ ಜತೆಗೆ ರೋಮಾ, ಸಿಂಟಿ ಎಂಬ ಅಲೆಮಾರಿಗಳೆಂದು ಕರೆಸಿಕೊಂಡ ಜನರನ್ನೂ ಲಕ್ಷಗಟ್ಟಲೆಯಲ್ಲಿ ಕೊಂದರು. ಆದರೆ ಕಚೇರಿಯ ಮೇಜಿನ ಆಚೆಯಿಂದ ಬಂದ ಪ್ರಶ್ನೆ ಮಾತ್ರ ಒಂದೇ. ಆ ಪ್ರಶ್ನೆಗೆ ಉತ್ತರವಾಗಿ ಯಾವ ಯಾವ ದೇಶದ ಶಾಸನಸಭೆಗಳು ಏನೇನು ಮಾಡಿದವು ಎಂದು ಹುಡುಕುತ್ತ ಹೋದೆ. ಅಲ್ಲಿ ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ವಿಶ್ವಸಂಸ್ಥೆ 1948ರ ಡಿಸೆಂಬರಿನಲ್ಲಿ ನರಮೇಧದ ವಿರುದ್ಧ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ನಮ್ಮ ದೇಶವೂ 1959ರಲ್ಲಿ ಅದನ್ನು ಒಪ್ಪಿಕೊಂಡಿತು. ಆ ಒಡಂಬಡಿಕೆ ನರಮೇಧವನ್ನು ತಡೆಯುವ ಮಾತಾಡುತ್ತದೆ, ಮಾಡಿದವರನ್ನು ಶಿಕ್ಷಿಸುವ ಮಾತಾಡುತ್ತದೆ. ಉಳಿದವರ ಮನೆ, ಒಡವೆ, ಬ್ಯಾಂಕಿನ ಹಣ ಹಿಂದಕ್ಕೆ ಬರಬೇಕೆಂದು ಅದರಲ್ಲಿ ಒಂದು ಸಾಲೂ ಇಲ್ಲ. ಕೊಲೆಗಾರನಿಗೆ ಗಲ್ಲಾದರೆ ಲೋಕಕ್ಕೆ ನ್ಯಾಯ ಸಿಕ್ಕಿತು ಎನ್ನಿ. ವಿಧವೆಯ ಅಡಿಗೆಮನೆಗೆ ಅದರಿಂದ ಏನೂ ಬರುವುದಿಲ್ಲ. ಆ ಕೆಲಸವನ್ನು ಒಂದೊಂದು ದೇಶವೂ ತನ್ನ ಶಾಸನದಿಂದಲೇ ಮಾಡಬೇಕಾಯಿತು.

ಶಾಸನದಿಂದಲೇ ಆಗಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಕಸಿದುಕೊಂಡದ್ದೂ ಶಾಸನದಿಂದಲೇ. ಗಲಭೆಯಲ್ಲಿ ಅಂಗಡಿ ಲೂಟಿಯಾದಂತೆ ಜರ್ಮನಿಯಲ್ಲಿ ಆದದ್ದು ಸ್ವಲ್ಪ ಭಾಗ ಮಾತ್ರ. ಉಳಿದದ್ದೆಲ್ಲ ಗೆಜೆಟ್ಟಿನಲ್ಲಿ ಅಚ್ಚಾಗಿ ನಡೆಯಿತು. 1938ರ ಏಪ್ರಿಲಿನಲ್ಲಿ, ಐದು ಸಾವಿರ ಮಾರ್ಕಿಗಿಂತ ಹೆಚ್ಚಿನ ಆಸ್ತಿ ಇರುವ ಯಹೂದಿಗಳೆಲ್ಲ ಅದನ್ನು ಸರಕಾರಕ್ಕೆ ಬರೆದು ತಿಳಿಸಬೇಕೆಂದು ಆಜ್ಞೆಯಾಯಿತು. 1939ರ ಫೆಬ್ರವರಿಯಲ್ಲಿ ಚಿನ್ನ, ಬೆಳ್ಳಿ, ಹರಳಿನ ಒಡವೆಗಳನ್ನೆಲ್ಲ ಪುರಸಭೆಯ ಗಿರವಿ ಕಚೇರಿಗೆ ತಂದು ಒಪ್ಪಿಸಬೇಕೆಂದು ಇನ್ನೊಂದು ಆಜ್ಞೆ. ಮದುವೆಯ ಉಂಗುರವನ್ನೂ ಊಟಕ್ಕೆ ಬೇಕಾದಷ್ಟು ಒಂದೆರಡು ಬೆಳ್ಳಿಯ ಚಮಚಗಳನ್ನೂ ಇಟ್ಟುಕೊಳ್ಳಬಹುದಿತ್ತು. ಅಜ್ಜಿಯ ಸರ, ತಾಯಿಯ ಬಳೆ, ಮಗಳಿಗೆಂದು ಎತ್ತಿಟ್ಟದ್ದು, ಎಲ್ಲವನ್ನೂ ಹೆಂಗಸರು ಸಾಲಿನಲ್ಲಿ ನಿಂತು ಕೊಟ್ಟು ಬಂದರು.

1941ರ ನವೆಂಬರಿನಲ್ಲಿ ಬಂದ ಆಜ್ಞೆ ಇನ್ನೂ ಚತುರವಾದದ್ದು. ದೇಶದ ಗಡಿಯ ಹೊರಗೆ ವಾಸಿಸುವ ಯಹೂದಿಯ ಪೌರತ್ವ ತಾನಾಗಿ ಹೋಗುತ್ತದೆ, ಅವನ ಆಸ್ತಿ ತಾನಾಗಿ ಸರಕಾರದ್ದಾಗುತ್ತದೆ ಎಂದು ಅದು ಹೇಳಿತು. ಗಡಿಯ ಹೊರಗೆ ಅವರು ತಾವಾಗಿ ಹೋಗುತ್ತಿದ್ದರೇ? ಪೋಲೀಸರು ರೈಲಿಗೆ ತುಂಬಿ ಕಳಿಸುತ್ತಿದ್ದರು. ರೈಲು ಗಡಿ ದಾಟಿದೊಡನೆ ಮನೆ ಸರಕಾರದ್ದು. ಬರ್ಲಿನ್ನಿನಲ್ಲಿ ಹೊರಡುವವರ ಕೈಗೆ ಮೊದಲೇ ಹದಿನಾರು ಪುಟಗಳ ನಮೂನೆ ಕೊಟ್ಟು ಮನೆಯಲ್ಲಿದ್ದದ್ದನ್ನೆಲ್ಲ ಬರೆಸಿಕೊಳ್ಳುತ್ತಿದ್ದರು. ಕುರ್ಚಿ ಎಷ್ಟು, ಹಾಸಿಗೆ ವಸ್ತ್ರ ಎಷ್ಟು, ಪಾತ್ರೆ ಎಷ್ಟು. ನಮ್ಮ ಮನೆಯ ಪಾತ್ರೆಗಳನ್ನು ನಾವೇ ಎಣಿಸಿ ಬರೆದು, ಕೆಳಗೆ ಸಹಿ ಹಾಕಿ, ಹೊರಡುವುದೆಂದರೆ ಹೇಗಿರುತ್ತದೆ ಎಂದು ಊಹಿಸಿ ನೋಡಿ.

ಇದನ್ನು ಓದುವಾಗ ನನಗೆ ಹೊಳೆದದ್ದು ಇಷ್ಟು. ಕಸಿಯುವುದಕ್ಕೆ ದಾಖಲೆ ಇತ್ತು. ಚಮಚದ ಲೆಕ್ಕವೂ ಇತ್ತು. ಕೊಲ್ಲುವುದಕ್ಕೆ ಮಾತ್ರ ದಾಖಲೆ ಇರಲಿಲ್ಲ. ಆಷ್‌ವಿಟ್ಸ್‌ನಲ್ಲಿ ರೈಲಿನಿಂದ ಇಳಿಸಿ ನೇರ ವಿಷಾನಿಲದ ಕೋಣೆಗೆ ನಡೆಸಿದವರ ಹೆಸರನ್ನು ಶಿಬಿರದ ಪುಸ್ತಕದಲ್ಲಿ ಬರೆಯಲೇ ಇಲ್ಲ. ಮಕ್ಕಳು, ಮುದುಕರು, ಕಂಕುಳಲ್ಲಿ ಕೂಸಿದ್ದ ತಾಯಂದಿರು ಹೆಚ್ಚಾಗಿ ಆ ಸಾಲಿಗೇ ಹೋದರು. ಯುದ್ಧ ಮುಗಿದ ಮೇಲೆ, ಮಾಮೂಲಿನ ಕಾನೂನು ಮಾಮೂಲಿನಂತೆ ಪ್ರಶ್ನೆ ಕೇಳಿತು: ಸತ್ತದ್ದಕ್ಕೆ ಪುರಾವೆ ಎಲ್ಲಿ? ಆ ಪ್ರಶ್ನೆಯನ್ನು ಹಾಗೆಯೇ ಉಳಿಯಗೊಟ್ಟಿದ್ದರೆ, ಕೊಲೆಗಾರರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಕಾನೂನೇ ಮುಗಿಸಿಕೊಟ್ಟಂತಾಗುತ್ತಿತ್ತು.

ಪ್ರಶ್ನೆಯನ್ನು ತಿರುಗಿಸಿ ಹಾಕಿದ ಮೊದಲ ದೊಡ್ಡ ಕಾಯಿದೆ 1947ರ ನವೆಂಬರ್ 10ರದು. ಜರ್ಮನಿಯ ತನ್ನ ವಲಯದಲ್ಲಿ ಅಮೆರಿಕದ ಸೇನಾಡಳಿತ ಮಾಡಿದ 59ನೆಯ ಕಾಯಿದೆ ಅದು. ಅದರ ಮೂರು ಮಾತುಗಳು ನನಗೆ ಮುಖ್ಯವಾಗಿ ಕಂಡವು. ಒಂದು, 1933ರ ಜನವರಿ 30ರಿಂದ 1945ರ ಮೇ 8ರ ನಡುವೆ ಹಿಂಸೆಗೊಳಗಾದವರು ಆಸ್ತಿಯನ್ನು ಮಾರಿದ್ದರೆ, ಅದನ್ನು ಬಲವಂತದಿಂದ ಮಾರಿದ್ದೆಂದೇ ತಿಳಿಯಬೇಕು. ಅಲ್ಲ, ಒಪ್ಪಿ ಮಾರಿದರು, ನ್ಯಾಯವಾದ ಬೆಲೆ ಕೊಟ್ಟೆ ಎನ್ನುವವನು ತಾನೇ ಅದನ್ನು ತೋರಿಸಬೇಕು. ಎರಡು, ಅಂಥವರು ಆ ಮೇ 8ರ ಅನಂತರ ಎಲ್ಲಿಯೂ ಪತ್ತೆಯಿಲ್ಲವಾದರೆ, ಆ ದಿನವೇ ತೀರಿಕೊಂಡರೆಂದು ಭಾವಿಸಬೇಕು. ಮರಣಪತ್ರ ತರಬೇಕಾಗಿಲ್ಲ.

ಮೂರನೆಯದು ನನ್ನನ್ನು ತುಂಬ ಯೋಚನೆಗೆ ಹಚ್ಚಿತು. ಎಲ್ಲ ದೇಶಗಳಲ್ಲೂ ವಾರಸುದಾರರಿಲ್ಲದ ಆಸ್ತಿ ಸರಕಾರಕ್ಕೆ ಸೇರುತ್ತದೆ, ನಮ್ಮಲ್ಲಿಯೂ ಹಾಗೆಯೇ. ಆದರೆ ಸರಕಾರವೇ ಮನೆಮಂದಿಯನ್ನೆಲ್ಲ ಕೊಂದು, ಆಮೇಲೆ ವಾರಸುದಾರರಿಲ್ಲ ಎಂದು ಆಸ್ತಿಯನ್ನು ತೆಗೆದುಕೊಂಡರೆ? ಅಂಥ ಆಸ್ತಿ ಸರಕಾರಕ್ಕೆ ಹೋಗಕೂಡದು, ಸತ್ತವರ ಪರವಾಗಿ ಉಳಿದವರ ಸಂಸ್ಥೆಯೊಂದಕ್ಕೆ ಹೋಗಬೇಕು ಎಂದು ಆ ಕಾಯಿದೆ ಹೇಳಿತು. ಮರುವರ್ಷ ಯಹೂದಿಗಳ ಒಂದು ಸಂಸ್ಥೆಯನ್ನು ಹಾಗೆ ವಾರಸುದಾರನೆಂದು ಗೊತ್ತುಮಾಡಿದರು. ಕೊಂದವನು ಕೊಲೆಯಾದವನ ಆಸ್ತಿಗೆ ಹಕ್ಕುದಾರನಾಗಲಾರ ಎಂಬುದು ನಮ್ಮ ವಾರಸಾ ಕಾಯಿದೆಯಲ್ಲೂ ಇರುವ ಮಾತೇ. ಅದನ್ನು ಒಂದು ದೇಶಕ್ಕೆ ಅನ್ವಯಿಸಿದ್ದು ಹೊಸತು.

ಇನ್ನು ಮರಣಪತ್ರದ ಮಾತು. ಜರ್ಮನಿಯ ಆರೋಲ್ಸೆನ್ ಎಂಬ ಸಣ್ಣ ಊರಿನಲ್ಲಿ ಯುದ್ಧಾನಂತರ ಕಾಣೆಯಾದವರನ್ನು ಹುಡುಕುವ ದೊಡ್ಡ ಕಚೇರಿ ಇತ್ತು. 1949ರಲ್ಲಿ ಅದೇ ಊರಿನಲ್ಲಿ ಶಿಬಿರಗಳಲ್ಲಿ ಸತ್ತವರ ಮರಣಗಳನ್ನು ನೋಂದಾಯಿಸುವುದಕ್ಕೆಂದೇ ಒಂದು ಪ್ರತ್ಯೇಕ ನೋಂದಣಿ ಕಚೇರಿಯನ್ನು ತೆರೆದರು. ಹುಟ್ಟು ಬರೆಯುವುದಿಲ್ಲ, ಮದುವೆ ಬರೆಯುವುದಿಲ್ಲ, ಬರೀ ಸಾವು. 1950ರಲ್ಲಿ ವಿಶ್ವಸಂಸ್ಥೆಯೂ, 1939ರಿಂದ 1945ರವರೆಗಿನ ವರ್ಷಗಳಲ್ಲಿ ಕಾಣೆಯಾದವರ ಮರಣವನ್ನು ಘೋಷಿಸಲು ಒಂದು ಒಡಂಬಡಿಕೆ ಮಾಡಿತು. ಸೇರಿದ ದೇಶಗಳು ಬೆರಳೆಣಿಕೆಯಷ್ಟು.

ಇದೆಲ್ಲ ಆಸ್ತಿಗೆ ಮಾತ್ರ ಬೇಕಾದದ್ದಲ್ಲ. ಯಹೂದಿಗಳ ಧರ್ಮಶಾಸ್ತ್ರದಲ್ಲಿ ಗಂಡ ಕಾಣೆಯಾಗಿ, ಸತ್ತನೆಂದು ಖಚಿತವಾಗದ ಹೆಂಗಸಿಗೆ 'ಅಗೂನಾ' ಎಂದು ಹೆಸರು. ಕಟ್ಟುಬಿದ್ದವಳು ಎಂದು ಅದರ ಅರ್ಥ. ಆಕೆ ಮರುಮದುವೆಯಾಗುವಂತಿಲ್ಲ. ಶಿಬಿರಗಳಿಂದ ಬದುಕಿ ಬಂದ ಇಪ್ಪತ್ತು, ಇಪ್ಪತ್ತೈದರ ಹೆಂಗಸರು ಎಷ್ಟೋ ಜನ ಈ ಕಟ್ಟಿನಲ್ಲಿ ಸಿಕ್ಕಿದ್ದರು. ಧರ್ಮಗುರುಗಳು ಕುಳಿತು ಒಂದೊಂದು ಪ್ರಕರಣವನ್ನೂ ವಿಚಾರಿಸಿದರು. ಗಂಡನನ್ನು ಸಾವಿನ ಸಾಲಿಗೆ ಕಳಿಸಿದ್ದನ್ನು ಕಂಡ ಸಾಕ್ಷಿಯಿದ್ದರೆ ಅದನ್ನೇ ಸಾವಿನ ಪುರಾವೆಯೆಂದು ಒಪ್ಪಿದ ತೀರ್ಪುಗಳಿವೆ. ಶಾಸ್ತ್ರವನ್ನು ಮುರಿಯದೆ, ಅದರ ಒಳಗೇ ಬಾಗಿಲು ಹುಡುಕಿದ ಆ ಗುರುಗಳನ್ನು ನೆನೆದರೆ ಗೌರವ ಬರುತ್ತದೆ. ಅರಿಶಿನ ಕುಂಕುಮದ ತಟ್ಟೆ ಹಿಡಿದು ತಡೆದು ನಿಂತ ನಮ್ಮೂರ ಹೆಂಗಸರಿಗೆ ಅಂಥ ದಾರಿ ಹೇಳುವವರು ಯಾರೂ ಇರಲಿಲ್ಲ.

ಹಣದ ವಿಷಯಕ್ಕೆ ಬಂದಾಗ ಕೊಡುವವರಲ್ಲಿ ಮಾತ್ರವಲ್ಲ, ತೆಗೆದುಕೊಳ್ಳುವವರಲ್ಲೂ ಜಗಳವಾಯಿತು. ಪಶ್ಚಿಮ ಜರ್ಮನಿಯ ಪ್ರಧಾನಿ ಅಡೆನಾವರ್ ಪರಿಹಾರದ ಮಾತುಕತೆಗೆ ಸಿದ್ಧರೆಂದು 1951ರಲ್ಲಿ ತಿಳಿಸಿದರು. 1952ರ ಜನವರಿಯಲ್ಲಿ ಇಸ್ರೇಲಿನ ಸಂಸತ್ತಿನಲ್ಲಿ ಅದರ ಚರ್ಚೆ. ಇದು ರಕ್ತದ ಹಣ, ನಮ್ಮ ತಾಯಂದಿರ ಬೂದಿಗೆ ಬೆಲೆ ಕಟ್ಟುವಿರಾ ಎಂದು ವಿರೋಧಿಗಳು ಕೂಗಿದರು. ಮೆನಾಖೆಮ್ ಬೆಗಿನ್ ಅವರ ಭಾಷಣ ಕೇಳಿ ಕೆರಳಿದ ಜನ ಸಂಸತ್ತಿನ ಕಟ್ಟಡಕ್ಕೆ ಕಲ್ಲು ತೂರಿದರು. ಒಳಗೆ ಗಾಜು ಚೂರುಚೂರಾಗಿ ಬೀಳುತ್ತಿರುವಾಗಲೇ ಚರ್ಚೆ ನಡೆಯಿತು. ಕೊನೆಗೆ 61 ಮತ ಪರ, 50 ಮತ ವಿರೋಧ. ಕೊಂದು ಕಸಿದುಕೊಂಡವನ ಕೈಯಲ್ಲಿ ಕಸಿದದ್ದೂ ಉಳಿಯಬಾರದು ಎಂಬುದು ಪರವಾಗಿದ್ದವರ ವಾದ. ಎರಡೂ ಕಡೆ ನ್ಯಾಯವಿತ್ತು ಎಂದೇ ನನಗೆ ತೋರುತ್ತದೆ. ನಮ್ಮ ಮನೆಗಳಲ್ಲೂ ಸಾವಿನ ಹಣ ಬಂದಾಗ ಅದನ್ನು ಮುಟ್ಟಲು ಕೈ ಬಾರದ ಹೆಂಗಸರಿದ್ದಾರೆ, ಮಕ್ಕಳ ಮುಖ ನೋಡಿ ಮುಟ್ಟಿದ ಹೆಂಗಸರೂ ಇದ್ದಾರೆ.

1952ರ ಸೆಪ್ಟೆಂಬರ್ 10ರಂದು ಲಕ್ಸೆಂಬರ್ಗ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಇಸ್ರೇಲಿಗೆ 300 ಕೋಟಿ ಮಾರ್ಕು, ಬೇರೆ ದೇಶಗಳಲ್ಲಿರುವ ಯಹೂದಿಗಳ ನೆರವಿಗೆ 45 ಕೋಟಿ. ಜರ್ಮನಿಯ ಸಂಸತ್ತು 1953ರ ಮಾರ್ಚಿನಲ್ಲಿ ಇದನ್ನು ಒಪ್ಪಿತು. ಪರವಾಗಿ 239, ವಿರುದ್ಧ 35, ಮತ ಹಾಕದೆ ಕುಳಿತವರು 86. ಅಡೆನಾವರರ ಸ್ವಂತ ಪಾಳೆಯದ ಎಷ್ಟೋ ಜನ ಕೈ ಎತ್ತಲಿಲ್ಲ; ವಿರೋಧಪಕ್ಷದ ಸೋಷಿಯಲ್ ಡೆಮಾಕ್ರಾಟರು ಎತ್ತಿದ್ದರಿಂದ ಅದು ಪಾಸಾಯಿತು.

ಅದು ದೇಶ ದೇಶಗಳ ನಡುವಿನ ಲೆಕ್ಕ. ಒಬ್ಬೊಬ್ಬ ಮನುಷ್ಯನಿಗೆ ಪರಿಹಾರ ಕೊಡುವ ಕಾಯಿದೆಯನ್ನು ಜರ್ಮನಿ 1953ರಲ್ಲಿ ಮಾಡಿ 1956ರಲ್ಲಿ ವಿಸ್ತರಿಸಿತು. ಶಿಬಿರದಲ್ಲಿ ಕಳೆದ ಒಂದೊಂದು ಪೂರ್ತಿ ತಿಂಗಳಿಗೆ 150 ಮಾರ್ಕು. ಅಂದರೆ ದಿನಕ್ಕೆ ಐದು ಮಾರ್ಕು. ಆರೋಗ್ಯ ಕೆಟ್ಟದ್ದಕ್ಕೆ ಮಾಸಾಶನ ಬೇಕಾದರೆ, ದುಡಿಯುವ ಶಕ್ತಿ ಶೇಕಡಾ 25ರಷ್ಟಾದರೂ ಕುಗ್ಗಿರಬೇಕು, ಮತ್ತು ಅದು ಹಿಂಸೆಯಿಂದಲೇ ಆದದ್ದೆಂದು ವೈದ್ಯರು ಬರೆದುಕೊಡಬೇಕು. ಕಾಲು ಮುರಿದಿದ್ದರೆ ತೋರಿಸಬಹುದು. ರಾತ್ರಿ ನಿದ್ದೆ ಬಾರದೆ ಕಿರಿಚಿ ಏಳುವುದನ್ನು ಹೇಗೆ ತೋರಿಸುವುದು? ಇದು ಹುಟ್ಟಿನಿಂದಲೇ ಬಂದ ಮನೋದೌರ್ಬಲ್ಯ, ಶಿಬಿರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬರೆದ ವೈದ್ಯರು ಎಷ್ಟೋ ಮಂದಿ. ಕುರ್ಟ್ ಐಸ್ಲರ್ ಎಂಬ ಮನೋವೈದ್ಯರು ಇದರಿಂದ ರೋಸಿ 1963ರಲ್ಲಿ ಒಂದು ಲೇಖನ ಬರೆದರು. ಅದರ ತಲೆಬರಹವೇ ಒಂದು ಪ್ರಶ್ನೆ. ಒಬ್ಬ ಮನುಷ್ಯನ ಆರೋಗ್ಯ ಸರಿಯಾಗಿದೆ ಎನಿಸಿಕೊಳ್ಳಲು, ತನ್ನ ಎಷ್ಟು ಮಕ್ಕಳ ಕೊಲೆಯನ್ನು ಏನೂ ಆಗದವನಂತೆ ತಡೆದುಕೊಳ್ಳಬೇಕು ಎಂದು ಅವರು ಕೇಳಿದ್ದರು. ಈ ಪ್ರಶ್ನೆಯನ್ನು ಒಬ್ಬ ತಾಯಿಯಾಗಿ ಓದಿ ಮುಂದಿನ ಸಾಲಿಗೆ ಹೋಗುವುದು ನನ್ನಿಂದ ಆಗಲಿಲ್ಲ.

1965ರಲ್ಲಿ ಕಾಯಿದೆಯನ್ನು ತಿದ್ದಿದರು. ಶಿಬಿರದಲ್ಲಿ ಒಂದು ವರ್ಷವಾದರೂ ಇದ್ದವರಿಗೆ ಅಷ್ಟು ಶಕ್ತಿ ಕುಗ್ಗಿದ್ದರೆ, ಅದು ಹಿಂಸೆಯಿಂದಲೇ ಆದದ್ದೆಂದು ಭಾವಿಸಬೇಕು ಎಂಬ ಮಾತು ಸೇರಿತು. ಪುರಾವೆಯ ಹೊರೆ ಮತ್ತೆ ಸ್ವಲ್ಪ ಈ ಹೆಗಲಿನಿಂದ ಆ ಹೆಗಲಿಗೆ ಸರಿಯಿತು. ಇತಿಹಾಸದ ದೊಡ್ಡ ಪುಸ್ತಕಗಳಲ್ಲಿ ಇಂಥ ಉಪವಿಧಿಗಳಿಗೆ ಅಡಿಟಿಪ್ಪಣಿಯಲ್ಲೂ ಜಾಗ ಸಿಗುವುದು ಕಷ್ಟ. ಆದರೆ ಮುದಿ ಹೆಂಗಸರ ಬಾಡಿಗೆ, ಔಷಧ, ಚಳಿಗಾಲದ ಇದ್ದಿಲು ನಿಂತದ್ದು ಆ ಉಪವಿಧಿಯ ಮೇಲೆ.

ರೋಮಾ ಮತ್ತು ಸಿಂಟಿ ಜನರಿಗೆ ಮಾತ್ರ ಆ ಕಾಯಿದೆಯ ಬಾಗಿಲು ಅರ್ಧ ಮುಚ್ಚಿಯೇ ಇತ್ತು. 1956ರ ಜನವರಿಯಲ್ಲಿ ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ, 1943ಕ್ಕೆ ಮೊದಲು ಅವರನ್ನು ಸಾಗಿಸಿದ್ದು ಜನಾಂಗದ ದ್ವೇಷದಿಂದಲ್ಲ, ಅವರ ನಡತೆಯ ಕಾರಣದಿಂದ ಎಂದು ತೀರ್ಪು ಕೊಟ್ಟಿತು. ಕೊಂದವರ ಮಾತನ್ನೇ ನ್ಯಾಯಾಧೀಶರು ತಮ್ಮ ಮಾತಾಗಿ ಬರೆದರು. 1963ರಲ್ಲಿ ಅದೇ ನ್ಯಾಯಾಲಯ ತನ್ನ ತೀರ್ಪನ್ನು ತಿದ್ದಿಕೊಂಡಿತು. ಅಷ್ಟರಲ್ಲಿ ಎಷ್ಟೋ ಅರ್ಜಿಗಳು ತಿರಸ್ಕೃತವಾಗಿ ಕಡತ ಮುಚ್ಚಿತ್ತು. 2015ರಲ್ಲಿ ಆ ನ್ಯಾಯಾಲಯದ ಅಧ್ಯಕ್ಷೆ ಬೆಟ್ಟಿನಾ ಲಿಂಪರ್ಗ್ ಆ ತೀರ್ಪಿಗಾಗಿ ನಾಚಿಕೆಯಾಗುತ್ತದೆ ಎಂದು ಬಹಿರಂಗವಾಗಿ ಹೇಳಿದರು. ನಡುವೆ ಐವತ್ತೊಂಬತ್ತು ವರ್ಷ.

ಒಳ್ಳೆಯ ಮನಸ್ಸಿನಿಂದ ಮಾಡಿದ ಕಾಯಿದೆಯೂ ಒಂದು ಶಬ್ದಕ್ಕೆ ಎಡವಬಹುದು. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಪೋಲೆಂಡಿನ ಲೋಡ್ಜ್ ಮೊದಲಾದ ಗೆಟ್ಟೋಗಳಲ್ಲಿ ಹೆಂಗಸರು ಹೊಲಿಗೆ ಕಾರ್ಖಾನೆಗಳಲ್ಲಿ ಜರ್ಮನ್ ಸೈನ್ಯಕ್ಕೆ ಸಮವಸ್ತ್ರ ಹೊಲಿದರು. ಆ ದುಡಿಮೆಗೂ ಪಿಂಚಣಿ ಸಲ್ಲಬೇಕೆಂದು ಜರ್ಮನಿಯ ಸಂಸತ್ತು 2002ರಲ್ಲಿ ಒಮ್ಮತದಿಂದ ಕಾಯಿದೆ ಮಾಡಿತು. ಸುಮಾರು 70,000 ಅರ್ಜಿಗಳು ಬಂದವು. ಶೇಕಡಾ 90ಕ್ಕಿಂತ ಹೆಚ್ಚು ತಿರಸ್ಕೃತವಾದವು. ಕಾಯಿದೆಯಲ್ಲಿ ಸ್ವಂತ ಇಚ್ಛೆಯಿಂದ, ಪ್ರತಿಫಲ ಪಡೆದು ಮಾಡಿದ ಕೆಲಸ ಎಂದಿತ್ತು. ಗೆಟ್ಟೋದಲ್ಲಿ ಸ್ವಂತ ಇಚ್ಛೆ ಎಲ್ಲಿಯದು, ಒಂದು ಬಟ್ಟಲು ಗಂಜಿ ಪ್ರತಿಫಲವೇ ಎಂದು ಕಚೇರಿಯವರು ಕೇಳಿದರು. ಎಂಬತ್ತು ದಾಟಿದ ಹೆಂಗಸರಿಗೆ ಕಳಿಸಿದ ಪ್ರಶ್ನಾವಳಿಯಲ್ಲಿ ಇದಕ್ಕೆಲ್ಲ ಉತ್ತರ ತುಂಬಬೇಕಿತ್ತು. 2009ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ, ಊಟ ಕೊಟ್ಟದ್ದೂ ಪ್ರತಿಫಲವೇ ಎಂದಿತು. ಹಿಂದಿನ ವರ್ಷಗಳ ಬಾಕಿಯನ್ನೂ ಕೊಡಬೇಕೆಂದು 2014ರಲ್ಲಿ ಸಂಸತ್ತು ಮತ್ತೆ ತಿದ್ದುಪಡಿ ಮಾಡಿತು. ಈ ಹನ್ನೆರಡು ವರ್ಷಗಳಲ್ಲಿ ಅರ್ಜಿದಾರರಲ್ಲಿ ಸಾವಿರಾರು ಜನ ತೀರಿಕೊಂಡಿದ್ದರು.

ಈಗ ಸ್ವಿಟ್ಜರ್ಲೆಂಡಿಗೆ ಮರಳೋಣ. ಅಲ್ಲಿನ ಬ್ಯಾಂಕುಗಳ ಗುಟ್ಟನ್ನು ಕಾಯುವ ಕಾಯಿದೆ 1934ರದು. ಯಾರ ಖಾತೆ ಎಲ್ಲಿದೆ ಎಂದು ಹೇಳುವಂತಿಲ್ಲ. ಯಹೂದಿಗಳು ನಂಬಿ ಹಣ ಇಟ್ಟದ್ದು ಈ ಗುಟ್ಟಿನ ಧೈರ್ಯದ ಮೇಲೆಯೇ. ಅವರ ಮಕ್ಕಳ ಮುಖಕ್ಕೆ ಬಾಗಿಲು ಹಾಕಿದ್ದೂ ಅದೇ ಗುಟ್ಟು. 1962ರಲ್ಲಿ ವಾರಸುದಾರರಿಲ್ಲದ ಖಾತೆಗಳನ್ನು ತಿಳಿಸಬೇಕೆಂದು ಅಲ್ಲಿನ ಸಂಸತ್ತು ಆಜ್ಞೆ ಮಾಡಿದಾಗ, ಬ್ಯಾಂಕುಗಳು ಹುಡುಕಿ ಕೊಟ್ಟ ಮೊತ್ತ ಒಂದು ಕೋಟಿ ಫ್ರಾಂಕಿಗೂ ಕಡಿಮೆ. ಹುಡುಕುವವನೂ ಇಟ್ಟುಕೊಂಡವನೂ ಒಬ್ಬನೇ ಆದರೆ ಇಷ್ಟೇ ಸಿಗುವುದು.

1996ರ ಏಪ್ರಿಲಿನಲ್ಲಿ ಅಮೆರಿಕದ ಸೆನೆಟ್ಟಿನ ಬ್ಯಾಂಕಿಂಗ್ ಸಮಿತಿಯ ಮುಂದೆ ಗ್ರೇಟಾ ಬಿಯರ್ ಎಂಬ ವೃದ್ಧೆ ಕುಳಿತು ಸಾಕ್ಷ್ಯ ನುಡಿದರು. ರುಮೇನಿಯಾದಲ್ಲಿ ಬಟ್ಟೆಯ ಕಾರ್ಖಾನೆ ನಡೆಸುತ್ತಿದ್ದ ತಂದೆ, ಹಣ ಸ್ವಿಸ್ ಬ್ಯಾಂಕಿನಲ್ಲಿ ಭದ್ರವಾಗಿದೆ ಎಂದು ಹೇಳಿದ್ದರು. ಯುದ್ಧ ಮುಗಿದ ಮೇಲೆ ತಾಯಿ ಮಗಳು ಸ್ವಿಟ್ಜರ್ಲೆಂಡಿನಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ಅಲೆದು ಬರಿಗೈಯಲ್ಲಿ ಬಂದಿದ್ದರು. ಆ ಸಾಕ್ಷ್ಯದ ಮೇಲೆ ಲೋಕದ ಕಣ್ಣು ಆ ಕಡೆ ತಿರುಗಿತು. ಅದೇ ಡಿಸೆಂಬರಿನಲ್ಲಿ ಸ್ವಿಸ್ ಸಂಸತ್ತು ಒಂದು ಆಜ್ಞೆ ಮಾಡಿ, ವಿಚಾರಣಾ ಆಯೋಗವನ್ನು ನೇಮಿಸಿತು; ಆ ಕಾಲದ ಯಾವ ಕಾಗದವನ್ನೂ ನಾಶಮಾಡಕೂಡದೆಂದು ಕಟ್ಟಪ್ಪಣೆ ಮಾಡಿತು. ಒಂದು ತಿಂಗಳು ಕಳೆಯುವುದರೊಳಗೆ, 1997ರ ಜನವರಿಯಲ್ಲಿ, ಜ್ಯೂರಿಕ್‌ನ ಬ್ಯಾಂಕೊಂದರ ರಾತ್ರಿ ಕಾವಲುಗಾರ ಕ್ರಿಸ್ಟಾಫ್ ಮೈಲಿ ಹಳೆಯ ಲೆಕ್ಕದ ಪುಸ್ತಕಗಳು ಚೂರು ಮಾಡುವ ಯಂತ್ರದ ಪಕ್ಕ ರಾಶಿ ಬಿದ್ದದ್ದನ್ನು ಕಂಡು ಕೆಲವನ್ನು ಮನೆಗೆ ಒಯ್ದು ಉಳಿಸಿದ. ಅವನ ಕೆಲಸ ಹೋಯಿತು. ಅವನಿಗೂ ಹೆಂಡತಿ ಮಕ್ಕಳಿಗೂ ಆಶ್ರಯ ಕೊಡುವುದಕ್ಕೆಂದೇ ಅಮೆರಿಕದ ಸಂಸತ್ತು ಒಂದು ಕಾಯಿದೆ ಮಾಡಬೇಕಾಯಿತು.

1998ರ ಆಗಸ್ಟಿನಲ್ಲಿ ಸ್ವಿಸ್ ಬ್ಯಾಂಕುಗಳು 125 ಕೋಟಿ ಡಾಲರು ಕೊಡಲು ಒಪ್ಪಿದವು. ಪಾಲ್ ವೋಲ್ಕರ್ ಅವರ ಸಮಿತಿ 1999ರಲ್ಲಿ, ಹತರಾದವರದ್ದಿರಬಹುದಾದ ಸುಮಾರು 54,000 ಖಾತೆಗಳನ್ನು ಗುರುತಿಸಿತು. ಹಣ ಹಂಚುವ ನಿಯಮಗಳನ್ನು ಬರೆದಾಗ ಹಳೆಯ ತಪ್ಪನ್ನು ಮತ್ತೆ ಮಾಡಲಿಲ್ಲ. ಕೇಳುವವರ ಮಾತು ನಂಬುವಂತಿದ್ದರೆ ಸಾಕು. ಖಾತೆ ಏನಾಯಿತೆಂದು ಬ್ಯಾಂಕಿನಲ್ಲಿ ದಾಖಲೆ ಇಲ್ಲದಿದ್ದರೆ ಹಣ ಯಜಮಾನನ ಕೈ ಸೇರಲಿಲ್ಲವೆಂದೇ ತಿಳಿಯಬೇಕು. ಮೊತ್ತ ಗೊತ್ತಿಲ್ಲದಿದ್ದರೆ ಅಂಥ ಖಾತೆಗಳ ಸರಾಸರಿಯನ್ನು ಹಿಡಿಯಬೇಕು. ದಾಖಲೆ ಇಲ್ಲದ ನಷ್ಟ ದಾಖಲೆ ಇಟ್ಟುಕೊಳ್ಳಬೇಕಾಗಿದ್ದವನದು. ಎಸ್ಟೆಲ್ ಸಪೀರ್ ಅವರ ಪ್ರಕರಣವನ್ನು ಬ್ಯಾಂಕು 1998ರಲ್ಲಿ ಬೇರೆಯಾಗಿಯೇ ಇತ್ಯರ್ಥ ಮಾಡಿಕೊಂಡಿತು. ಮೊದಲು ಹೋಗಿ ಕೇಳಿದ ದಿನದಿಂದ ಐವತ್ತೆರಡು ವರ್ಷ. ಮರುವರ್ಷ ಆಕೆ ತೀರಿಕೊಂಡರು.

ಎಲ್ಲ ಕಡೆಯೂ ಬಾಗಿಲು ತೆರೆಯಿತು ಎಂದರೆ ಸುಳ್ಳಾಗುತ್ತದೆ. ಪೋಲೆಂಡಿನಲ್ಲಿದ್ದ ಸುಮಾರು 33 ಲಕ್ಷ ಯಹೂದಿಗಳಲ್ಲಿ 30 ಲಕ್ಷ ಜನ ಹತರಾದರು. ಯುದ್ಧವಾದ ಮೇಲೆ ಬಂದ ಕಮ್ಯುನಿಸ್ಟ್ ಸರಕಾರ ಎಲ್ಲರ ಆಸ್ತಿಯನ್ನೂ ತನ್ನದಾಗಿಸಿಕೊಂಡಾಗ ಅವರ ಮನೆಗಳೂ ಅದರಲ್ಲಿ ಸೇರಿಹೋದವು. 2009ರಲ್ಲಿ ಪ್ರಾಗ್‌ನಲ್ಲಿ ನಲವತ್ತಾರು ದೇಶಗಳು ಕೂಡಿ, ಇಂಥ ಆಸ್ತಿಗಳನ್ನು ಮರಳಿಸುವೆವೆಂದು ಘೋಷಣೆ ಮಾಡಿದವು. ಸರ್ಬಿಯಾ 2016ರಲ್ಲಿ ವಾರಸುದಾರರಿಲ್ಲದ ಯಹೂದಿ ಆಸ್ತಿಗಾಗಿ ಕಾಯಿದೆ ಮಾಡಿ ಮಾತು ಉಳಿಸಿಕೊಂಡಿತು. ಯಾವ ದೇಶ ಎಷ್ಟು ನಡೆಸಿತು ಎಂದು ವರದಿ ಕೊಡಬೇಕೆಂದು ಅಮೆರಿಕ 2018ರಲ್ಲಿ ಒಂದು ಕಾಯಿದೆ ಮಾಡಿತು. ಅದೇ ಪೋಲೆಂಡ್ 2021ರ ಆಗಸ್ಟಿನಲ್ಲಿ, ಮೂವತ್ತು ವರ್ಷಕ್ಕಿಂತ ಹಿಂದಿನ ಸರಕಾರಿ ಆದೇಶವನ್ನು ಯಾರೂ ಪ್ರಶ್ನಿಸುವಂತಿಲ್ಲ ಎಂದು ಕಾಯಿದೆ ಮಾಡಿತು. ಅದರಲ್ಲಿ ಯಹೂದಿ ಎಂಬ ಶಬ್ದವೇ ಇಲ್ಲ. ಎಲ್ಲರಿಗೂ ಒಂದೇ ನಿಯಮ, ನೋಡಲು ನ್ಯಾಯವಾಗಿಯೇ ಇದೆ. ಆದರೆ ವಾಯಿದೆ ಎಂಬುದು ಮೂವತ್ತು ವರ್ಷ ಸುಮ್ಮನೆ ಕುಳಿತವನಿಗೂ, ಮೂವತ್ತು ವರ್ಷ ಬಾಗಿಲು ತಟ್ಟಿದವನಿಗೂ ಒಂದೇ ಆಗಬಹುದೆ?

ಜರ್ಮನಿ ಇದುವರೆಗೆ ಕೊಟ್ಟದ್ದು 8,000 ಕೋಟಿ ಯೂರೋ ಮೀರಿದೆ. ಹಾಗೆ ಕೊಟ್ಟದ್ದಕ್ಕೆ ಜರ್ಮನ್ ಭಾಷೆಯಲ್ಲಿ ಇರುವ ಹೆಸರಿಗೆ, ಮತ್ತೆ ಸರಿಮಾಡುವುದು ಎಂದು ಅರ್ಥ. ಆ ಹೆಸರನ್ನು ಒಪ್ಪದ ಯಹೂದಿಗಳು ಬಹಳ ಮಂದಿ. ಸರಿಮಾಡಲು ಆಗುವಂಥದ್ದೇ ಅದು ಎಂದು ಅವರು ಕೇಳುತ್ತಾರೆ. ಅವರು ಕೇಳುವುದು ಸರಿ. ಹಣ ಎಷ್ಟೆಂಬುದು ನನಗೂ ಈಗ ಅಷ್ಟು ಮುಖ್ಯವೆನಿಸುವುದಿಲ್ಲ. ಯಾವ ಕಾಯಿದೆ ನೊಂದವರ ಮಾತನ್ನು ಮೊದಲು ನಂಬಿ, ಅಲ್ಲವೆನ್ನುವವನನ್ನು ಪುರಾವೆ ತಾ ಎಂದು ಕೇಳಿತೋ ಅದು ನ್ಯಾಯದ ಕಾಯಿದೆ. ಉಳಿದವು ಕಚೇರಿಯ ಕಾಗದ.

ನಮ್ಮ ದೊಡ್ಡಮ್ಮನ ವಿಷಯ ಅರ್ಧಕ್ಕೆ ಬಿಟ್ಟೆ. ನಮ್ಮ ದೇಶದ 1872ರ ಸಾಕ್ಷ್ಯ ಕಾಯಿದೆಯಲ್ಲಿ ಒಂದು ಮಾತು ಇತ್ತು. 2023ರಲ್ಲಿ ಬಂದ ಹೊಸ ಅಧಿನಿಯಮದಲ್ಲೂ ಅದು ಉಳಿದಿದೆ. ಒಬ್ಬ ಮನುಷ್ಯ ಬದುಕಿದ್ದರೆ ಯಾರಿಗೆ ಸಹಜವಾಗಿ ಸುದ್ದಿ ತಿಳಿಯುತ್ತಿತ್ತೋ, ಅವರಿಗೆ ಏಳು ವರ್ಷ ಅವನ ಸುದ್ದಿಯೇ ಇಲ್ಲವಾದರೆ, ಬದುಕಿದ್ದಾನೆ ಎನ್ನುವವನೇ ಅದನ್ನು ರುಜುವಾತು ಮಾಡಬೇಕು. ಊರಿನ ವಕೀಲರೊಬ್ಬರು ಇದನ್ನು ನನ್ನ ತಂದೆಗೆ ತಿಳಿಸಿದರು. ದೊಡ್ಡಮ್ಮ ಕೋರ್ಟಿಗೆ ಹೋಗಲು ಒಪ್ಪಲು ಮತ್ತೆ ಮೂರು ವರ್ಷ ಹಿಡಿಯಿತು. ಅರ್ಜಿಗೆ ಸಹಿ ಹಾಕುವುದೆಂದರೆ ಗಂಡ ಸತ್ತನೆಂದು ತನ್ನ ಕೈಯಿಂದಲೇ ಬರೆದಂತೆ ಎಂದು ಆಕೆಗೆ ಅನ್ನಿಸಿತ್ತು. ನ್ಯಾಯಾಧೀಶರು, ನಿಮಗೆ ಕಾಗದವೇನಾದರೂ ಬಂದಿತ್ತೇ ತಾಯಿ ಎಂದು ಒಂದೇ ಪ್ರಶ್ನೆ ಕೇಳಿದರಂತೆ. ಬಂದಿದ್ದರೆ ನಾನು ಇಲ್ಲಿಗೆ ಯಾಕೆ ಬರುತ್ತಿದ್ದೆ ಎಂದಳಂತೆ ದೊಡ್ಡಮ್ಮ. ಅದನ್ನೇ ಅವರು ಬರೆದುಕೊಂಡರು.

ವಿಮೆಯ ಹಣ ಬಂತು, ಹೆಚ್ಚೇನಲ್ಲ. ಮನೆಯ ಹೆಂಚು ಬದಲಾಯಿಸುವಷ್ಟು. ತೀರ್ಪಿನ ನಕಲನ್ನು ದೊಡ್ಡಮ್ಮ ತನ್ನ ಟ್ರಂಕಿನ ಅಡಿಯಲ್ಲಿ, ಚೌತಿಗೆ ಬರುತ್ತೇನೆಂದು ದೊಡ್ಡಪ್ಪ ಬರೆದ ಕಾಗದದ ಜತೆಗೆ ಇಟ್ಟಿದ್ದಳು. ಆಕೆ ಹೋದ ಮೇಲೆ ಟ್ರಂಕು ತೆರೆದಾಗ ಎರಡೂ ಸಿಕ್ಕಿದವು. ಓದು ಬಾರದವಳು. ಎರಡರಲ್ಲೂ ಏನಿದೆಯೆಂದು ಆಕೆಗೆ ಬಾಯಿಪಾಠವಾಗಿತ್ತು.